ಫಕೀರವ್ವನ ದನಿ, ನನ್ನ ಗಂಟಲು

ನಮ್ಮ ಗದಗಿನ ಸರ್ಕಾರಿ ಜೂಜುಕಟ್ಟೆಯಲ್ಲಿ ಪರವಾನಗಿ ಪಡೆದ ಮಧ್ಯಸ್ಥರು ಹಲವರಿದ್ದಾರೆ. ನನ್ನಂಥ ಗಂಟಲು ಮಾತ್ರ ಮೂರು ಲೋಕದಲ್ಲಿ ಇನ್ನೊಂದಿಲ್ಲ. ದನಿ, ನಿದ್ದೆ, ನಗು, ಯಾರು ಏನೇ ಪಣಕ್ಕಿಟ್ಟರೂ ಕಾನೂನಿನ ಪ್ರಕಾರ ಅದು ಮೊದಲು ನಮ್ಮ ಮೈಗೆ ಬರಬೇಕು. ಇಟ್ಟವರ ಎದುರೇ ನಾವದನ್ನು ಒಮ್ಮೆ ಬಳಸಿ ತೋರಿಸಬೇಕು. ನಾವು ಬಳಸಿ ಮುಗಿಸುವುದರೊಳಗೆ ಅವರು ವಾಪಸು ಕೇಳಿದರೆ ಆಟ ರದ್ದು.

ನಿನ್ನೆ ನಾಟಕ ಕಂಪನಿಯ ಹಳೆಯ ಹಾಡುಗಾರ್ತಿ ಫಕೀರವ್ವ ಬಂದಳು.

"ಕಂಪನಿ ಮುಚ್ಚೇತಿ. ಕೇಳೋರಿಲ್ಲದ ದನಿ ಇಟ್ಕೊಂಡು ಏನ್ ಮಾಡ್ಲಿ ದ್ಯಾಮಣ್ಣ? ರಾತ್ರಿ ಕಣ್ಣ ಹತ್ತವಲ್ದು. ಕುದುರಿ ಓಟದಾಗ ಗೆದ್ರ ಹತ್ತು ವರ್ಷದ ನಿದ್ದಿ ಸಿಗತೈತಿ."

"ಸೋತ್ರ ಸಾಯೂತನಕ ಮೂಕಿ ಆಗಿ ಕುಂದ್ರಬೇಕಾಕ್ಕೈತಿ ಯವ್ವಾ," ಎಂದೆ.

"ಆಗ್ಲಿ ಬಿಡು."

ಆಕೆಯ ದನಿ ನನ್ನ ಗಂಟಲಿಗಿಳಿಯಿತು. ಜೇನಿನ ಕೊಡ ಒಡೆದಂತಿತ್ತು! ಆಕೆಯದೇ ರಂಗಗೀತೆ ಎತ್ತಿಕೊಂಡು, ಶ್ರುತಿಯ ಕೈಬಿಟ್ಟು, ತಾಳದ ಕಾಲು ಮುರಿದು ಹಾಡಿದೆ. ಕಟ್ಟೆಯ ಕಾಗೆಗಳೆಲ್ಲ ಹುಬ್ಬಳ್ಳಿಗೆ ಗುಳೆ ಹೋದವು. ಫಕೀರವ್ವ ಕಿವಿ ಮುಚ್ಚಿದಳು, ನೆಲ ಗುದ್ದಿದಳು, ಕೊನೆಗೆ ಹಾಡು ಮುಗಿಯುವ ಮೊದಲೇ ನನ್ನ ಕೊರಳಪಟ್ಟಿ ಹಿಡಿದು ದನಿ ಕೊಡೆಂದು ಕೈಯೊಡ್ಡಿದಳು. ಕೊಟ್ಟೆ.

"ಹಂಗಲ್ಲೋ ಖೋಡಿ! ಹಿಂಗ!" ಎಂದು ಇಡೀ ಹಾಡನ್ನು ಹಾಡಿದಳು. ಸರದಿಯಲ್ಲಿದ್ದ ಸಾವಿರ ಜನ ಪಣ ಮರೆತು ನೆಲದ ಮೇಲೇ ಕುಳಿತರು.

"ಆಟ ರದ್ದಾತು ಯವ್ವಾ," ಎಂದೆ.

"ಸುಮ್ಕಿರೋ, ಇನ್ನೊಂದು ಹಾಡು ಕೇಳಾಕತ್ತಾರ."

ದ್ಯಾಮಣ್ಣನಿಗೆ ಹಾಡಲು ಬರುವುದಿಲ್ಲವೆಂದು ಊರೆಲ್ಲ ಆಡಿಕೊಳ್ಳುತ್ತಿದೆ. ಅಷ್ಟು ಕೆಟ್ಟದಾಗಿ ಹಾಡಲು ಎಂಥ ವಿದ್ವತ್ತು ಬೇಕೆಂದು ಆ ದಡ್ಡರಿಗೇನು ಗೊತ್ತು!