ಅಕ್ಕನ ಕೊನೆಯ ಸಾಲು

ಅಕ್ಕ ಹಾಡಿನ ಕೊನೆಯ ಸಾಲಿಗೆ ಉಸಿರೆಳೆದುಕೊಂಡಳು. ಅಷ್ಟರಲ್ಲೇ ರಂಗದ ಬದಿಯಲ್ಲಿದ್ದ ಅವಳ ತಮ್ಮ ಹಗ್ಗ ಸಡಿಲಬಿಟ್ಟ; ನಾಟಕದ ಪರದೆ ಇಳಿದುಬಿಟ್ಟಿತು. ನಿನ್ನೆ ಅದೇ ಸಾಲಿನ ಮೇಲಿನ ಸ್ವರದಲ್ಲಿ ಅವಳ ಗಂಟಲು ಕೈಕೊಟ್ಟಿತ್ತು, ಜನ ನಕ್ಕಿದ್ದರು. ಇವತ್ತು ಅವಳು ರಂಗ ಬಿಡುವ ದಿನ. ಮಾನ ಉಳಿಸಿದೆ ಅಂದುಕೊಂಡ. ಆಚೆ ಚಪ್ಪಾಳೆಯೋ ಚಪ್ಪಾಳೆ.

ಅಕ್ಕ ಎತ್ತಿದ ಕೈ ಇಳಿಸಲಿಲ್ಲ. ಎಳೆದುಕೊಂಡ ಉಸಿರನ್ನು ಏನು ಮಾಡಬೇಕೋ ತಿಳಿಯದವಳಂತೆ, ಮೂಗಿಗೆ ತಾಗುವಂತಿದ್ದ ಬಟ್ಟೆಗೇ ಆ ಸಾಲು ಹಾಡಿದಳು. ಸ್ವರ ಒಡೆಯಲಿಲ್ಲ. ಹರೆಯದಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತಿತು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಅವನೊಬ್ಬನಿಗೇ.

“ನಿಂಗೂ ನಂಬಿಕೆ ಇರ್ಲಿಲ್ವೇನೋ?” ಅಂದಳು.

ಅವನು ಹಗ್ಗಕ್ಕೆ ಜೋತುಬಿದ್ದು ಜಗ್ಗಿದ. ಅದು ಕೈಯಿಂದ ಜಾರಿ ಜಾರಿ, ಪರದೆ ಮತ್ತೆ ಮೇಲೇರುವ ಹೊತ್ತಿಗೆ ಎದುರಿಗಿದ್ದದ್ದು ಬಾಗಿಲ ಕಡೆ ಹೊರಟ ಬೆನ್ನುಗಳು.