ಕಣಿವೆ ಕಡೆಯ ಕಿಟಕಿ

ದಸರಾ ರಜೆ. ನೂರು ವರ್ಷ ಹಳೆಯ ಬೆಟ್ಟದ ರೈಲಿಗೆ ನೂಕುನುಗ್ಗಲು. ಕಣಿವೆ ಕಡೆಯ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದೆ. ಹತ್ತಿ ನೋಡಿದರೆ ಅದರ ಮೇಲೆ ಹಿರಿಯರೊಬ್ಬರು ಕುಳಿತಿದ್ದರು.

“ಸಾರ್, ನೀವು ಕೂತಿರೋದು ನನ್ನ ಕರ್ಚೀಫಿನ ಮೇಲೆ.”

“ಅದರ ಕೆಳಗೆ ನನ್ನ ಟವೆಲ್ ಇದೆ ನೋಡಿ.”

ಅಂಚು ಎತ್ತಿ ತೋರಿಸಿದರು. ಇತ್ತು.

“ಹೆಂಡತಿಗೆ ಜಲಪಾತ ತೋರಿಸ್ತೀನಿ ಅಂತ ಕರ್ಕೊಂಡು ಬಂದಿದ್ದೀನಿ ಸಾರ್. ಅದು ಈ ಕಡೆ ಮಾತ್ರ ಕಾಣೋದು.”

“ಗೊತ್ತು. ಅದಕ್ಕೇ ಬೆಳಿಗ್ಗೆ ಐದು ಗಂಟೆಗೇ ಬಂದು ಟವೆಲ್ ಹಾಕಿದ್ದು.”

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ರೈಲು ಹೊರಟಿತು. ಮೊದಲ ತಿರುವಿನಲ್ಲೇ ಕಣಿವೆ ತೆರೆದುಕೊಂಡಿತು. ಹಿರಿಯರು ತಟಕ್ಕನೆ ಶಟರ್ ಎಳೆದು ಚಿಲಕ ಹಾಕಿದರು.

“ಕೆಳಗೆ ನೋಡಿದ್ರೆ ನನಗೆ ತಲೆ ಸುತ್ತುತ್ತೆ. ನೀವು ಕೂತಿದ್ದಿದ್ರೆ ಇದನ್ನ ತೆಗೆದೇ ಇಡ್ತಿದ್ರಿ.”