ಅಭ್ಯರ್ಥಿಯ ಜೇಬಿನ ಚೀಟಿ

"ಕಾರ್ಲಿಸ್, ಮೊಣಕಾಲು ನೋವು ಈಗ ಹೇಗಿದೆ?" ಎನ್ನುತ್ತ ಅಮೆರಿಕದ ಸಂಸತ್ತಿಗೆ ನಿಂತಿದ್ದ ವಿಟ್‌ಲಾಕ್ ತನಗಾಗಿ ದೇಣಿಗೆ ಕೂಟ ಏರ್ಪಡಿಸಿದ್ದ ಮನೆಯೊಡತಿಯ ಎರಡೂ ಕೈ ಹಿಡಿದುಕೊಂಡಾಗ ವರ್ನಾಳ ಹೊಟ್ಟೆಗೆ ಬೆಂಕಿ ಬಿತ್ತು. ಸರೋವರ ಉಳಿಸುವ ಸಂಘದ ಸದಸ್ಯರ ಮನೆಮನೆ ಅಲೆದು, ಒಬ್ಬೊಬ್ಬರಿಂದಲೂ ಅವನ ಚುನಾವಣೆಗೆ ಚೆಕ್ಕು ಬರೆಸಿ, ಕಟ್ಟುಕಟ್ಟಿ ತಂದವಳು ಇವಳು.

"ಕಾಲು ಸವೆಸಿದ್ದು ನಾನು, ಮೊಣಕಾಲು ನೋವು ಅವಳಿಗಂತೆ!" ಎಂದು ಗೊಣಗಿದಳು.

"ತಮ್ಮ ಹೆಸರು...?" ಎಂದು ಇವಳತ್ತ ತಿರುಗಿದ ವಿಟ್‌ಲಾಕ್ ಜೇಬಿನಿಂದ ಚೀಟಿ ತೆಗೆಯಹೋಗಿ ಬೀಳಿಸಿದ. ಇಂಥ ಕೂಟಗಳಲ್ಲಿ ಬಂದವರಲ್ಲಿ ಯಾರನ್ನು ಏನು ಕೇಳಬೇಕೆಂದು ಅಭ್ಯರ್ಥಿಗೆ ಬರೆದುಕೊಡುವುದು ಮನೆಯೊಡತಿಯ ಕೆಲಸ. ವರ್ನಾ ಬಗ್ಗಿ ಎತ್ತಿಕೊಂಡಳು. ಕಾರ್ಲಿಸಳದೇ ದುಂಡು ಅಕ್ಷರ:

"ಮೊದಲು ವರ್ನಾನ ಮಾತಾಡಿಸಿ. ಚೆಕ್ಕೆಲ್ಲ ತಂದಿದ್ದು ಅವಳೇ. ನನ್ನನ್ನ ಮೊದಲು ಮಾತಾಡಿಸಿದ್ರೆ ಹೊಟ್ಟೆ ಉರ್ಕೋತಾಳೆ."